ಅವಲಕ್ಕಿಯಲ್ಲಿ ಕಬ್ಬಿಣ ಎಷ್ಟು? ಉತ್ತರ ಬೆಂಗಳೂರಿನ ಗೃಹ ವಿಜ್ಞಾನ ಬೋಧಕರಿಗೆ ಒಂದು ಕೈಪಿಡಿ

ನೂರು ಗ್ರಾಂ ಅವಲಕ್ಕಿಯಲ್ಲಿ 20 ಮಿಲಿಗ್ರಾಂ ಕಬ್ಬಿಣ. ಗೃಹ ವಿಜ್ಞಾನ ಓದಿದ ಇಡೀ ಒಂದು ತಲೆಮಾರು ಈ ಅಂಕಿಯನ್ನು ಬಾಯಿಪಾಠ ಮಾಡಿದೆ. ರಕ್ತಹೀನತೆಯ ಪಾಠ ಬಂದರೆ ಬೆಲ್ಲದ ಅವಲಕ್ಕಿ, ಪ್ರಾಯೋಗಿಕ ಪರೀಕ್ಷೆಯಲ್ಲಿ ಗರ್ಭಿಣಿಯ ಊಟದ ಪಟ್ಟಿ ಕೇಳಿದರೆ ಮತ್ತೆ ಅವಲಕ್ಕಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕಗಳನ್ನು ತೆರೆದು ನೋಡಿ. ಅದೇ ಅವಲಕ್ಕಿಯ ಎದುರು 4.46 ಮಿಲಿಗ್ರಾಂ ಎಂದಿದೆ. ಹಳೆಯ ಅಂಕಿಯ ಕಾಲುಭಾಗವೂ ಇಲ್ಲ.

ಇನ್ನೊಂದು ಕಡೆ, ದಿನಕ್ಕೆ ಎಷ್ಟು ಬೇಕು ಎಂಬ ಲೆಕ್ಕವೂ ಬದಲಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2010ರ ಶಿಫಾರಸಿನಲ್ಲಿ ವಯಸ್ಕ ಮಹಿಳೆಗೆ 21 ಮಿಲಿಗ್ರಾಂ ಕಬ್ಬಿಣ ಸಾಕೆಂದಿತ್ತು. 2020ರ ಪರಿಷ್ಕರಣೆಯಲ್ಲಿ ಅದು 29 ಆಯಿತು. ಕ್ಯಾಲ್ಸಿಯಂ 600ರಿಂದ 1000 ಮಿಲಿಗ್ರಾಂಗೆ ಏರಿತು. ಲೆಕ್ಕಕ್ಕೆ ಆಧಾರವಾಗಿದ್ದ 'ಮಾದರಿ ಪುರುಷ'ನ ತೂಕ 60 ಕಿಲೋದಿಂದ 65ಕ್ಕೆ ಬಂತು. ಹಳೆಯ ಕೋಷ್ಟಕ ಹಿಡಿದು ಊಟದ ಪಟ್ಟಿ ಬರೆಯುವ ವಿದ್ಯಾರ್ಥಿನಿ ಹೀಗೆ ಎರಡೂ ಕಡೆ ತಪ್ಪುತ್ತಾಳೆ. ತಟ್ಟೆಯಲ್ಲಿರುವುದು ಇರುವುದಕ್ಕಿಂತ ಹೆಚ್ಚು ಅನ್ನಿಸುತ್ತದೆ, ದೇಹ ಕೇಳುವುದು ಕೇಳುವುದಕ್ಕಿಂತ ಕಡಿಮೆ ಅನ್ನಿಸುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆಯಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ಇಂಥ ರಾಜ್ಯದಲ್ಲಿ ಈ ಪಾಠವನ್ನು ತಪ್ಪು ಅಂಕಿಯೊಂದಿಗೆ ಹೇಳುವುದು ಸಣ್ಣ ವಿಷಯವಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎನ್ನುತ್ತದೆ. ಆ 50 ಗಂಟೆಗಳನ್ನು ಏನು ಮಾಡಬೇಕು ಎಂಬುದೇ ಪ್ರಶ್ನೆ. ವೆಬಿನಾರ್‌ಗೆ ಸೇರಿ, ಕೊನೆಯಲ್ಲಿ ಫಾರ್ಮ್ ತುಂಬಿ, ಪ್ರಮಾಣಪತ್ರ ಇಳಿಸಿಕೊಳ್ಳುವ ರೂಢಿ ಈಗ ಎಲ್ಲ ವಿಷಯಗಳಲ್ಲೂ ಇದೆ. ಆದರೆ ಗೃಹ ವಿಜ್ಞಾನ ಕೈ, ಕಣ್ಣು, ನಾಲಿಗೆಗಳಿಂದ ಕಲಿಯುವ ವಿಷಯ. ಹಿಟ್ಟು ಹದಕ್ಕೆ ಬಂದಿದೆಯೇ, ಬಟ್ಟೆಯ ನೂಲು ರೇಷ್ಮೆಯೋ ಅಲ್ಲವೋ, ಎರಡು ವರ್ಷದ ಮಗು ಯಾವ ಆಟಕ್ಕೆ ಒಲಿಯುತ್ತದೆ ಎಂಬುದನ್ನು ಪರದೆಯ ಮೇಲೆ ಕಲಿಯಲಾಗದು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಆಸುಪಾಸಿನಲ್ಲಿ ಪಾಠ ಮಾಡುವವರಿಗೆ ಇದನ್ನೆಲ್ಲ ಕಣ್ಣಾರೆ ಕಲಿಯುವ ತಾಣಗಳು ಒಂದು ಬಸ್ಸಿನ ದೂರದಲ್ಲಿವೆ. ಬೇರೆ ಜಿಲ್ಲೆಗಳ ಬೋಧಕರು ರಜೆ ಹಾಕಿ ರೈಲು ಹತ್ತಿ ಬರುವ ಜಾಗಗಳಿವು.

ಮೊದಲು ನಿಮ್ಮ ಕಪಾಟು

ಹೊರಗೆ ಹೋಗುವ ಮುಂಚೆ ಪ್ರಯೋಗಾಲಯದ ಕಪಾಟು ತೆರೆಯಿರಿ. ಅಲ್ಲಿರುವ ಪೋಷಕಾಂಶ ಕೋಷ್ಟಕ ಯಾವ ವರ್ಷದ್ದು? 2017ರ ಕೋಷ್ಟಕಗಳಲ್ಲಿ ದೇಶದ ಆರು ವಲಯಗಳಿಂದ ತಂದ ಮಾದರಿಗಳ ಮೇಲೆ 528 ಆಹಾರಗಳ ವಿಶ್ಲೇಷಣೆ ಇದೆ. ಅದರ ಜೊತೆಗೆ 2020ರ ಶಿಫಾರಸುಗಳು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ 17 ಸೂತ್ರಗಳ ಆಹಾರ ಮಾರ್ಗಸೂಚಿ. ಈ ಮೂರು ಮೇಜಿನ ಮೇಲಿದ್ದರೆ ಅರ್ಧ ಕೆಲಸ ಆದಂತೆ.

ಉಳಿದರ್ಧಕ್ಕೆ ಇಬ್ಬರು ಮೂವರು ಬೋಧಕರು ಒಂದು ಶನಿವಾರ ಮಧ್ಯಾಹ್ನ ಕೂತರೆ ಸಾಕು. ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕದಲ್ಲಿ ವರ್ಷವರ್ಷ ಬರುವ ಹತ್ತು ಅಡುಗೆಗಳನ್ನು ತೆಗೆದುಕೊಂಡು ಹೊಸದಾಗಿ ಲೆಕ್ಕ ಹಾಕಿ. ಮುದ್ದೆ, ಬಸ್ಸಾರು, ಚಿತ್ರಾನ್ನ, ಅವರೆಕಾಳಿನ ಉಪ್ಪಿಟ್ಟು, ಹೆಸರುಬೇಳೆ ಕೋಸಂಬರಿ. ಯಾವುದು ಏರಿತು, ಯಾವುದು ಇಳಿಯಿತು ನೋಡಿ. ರಾಗಿ ಕೈಬಿಡುವುದಿಲ್ಲ. ಹಳೆಯ ಪುಸ್ತಕದಲ್ಲಿ ನೂರು ಗ್ರಾಂಗೆ 344 ಮಿಲಿಗ್ರಾಂ ಇದ್ದ ಅದರ ಕ್ಯಾಲ್ಸಿಯಂ ಹೊಸ ಕೋಷ್ಟಕದಲ್ಲಿ 364. ಅಕ್ಕಿಯಲ್ಲಿ ಎಂಟು ಮಿಲಿಗ್ರಾಂ ಕೂಡ ಇಲ್ಲ. ಹೀಗೆ ತಿದ್ದಿದ ಒಂದೇ ಹಾಳೆ ನಿಮ್ಮ ವಲಯದ ಎಲ್ಲ ಕಾಲೇಜುಗಳಿಗೂ ಉಪಯೋಗಕ್ಕೆ ಬರುತ್ತದೆ. ಪಠ್ಯಪುಸ್ತಕದ ಅಂಕಿ ಬೇರೆಯಿದ್ದರೆ ಏನು ಮಾಡಬೇಕು? ಪರೀಕ್ಷೆಗೆ ಪಠ್ಯದ್ದನ್ನೇ ಬರೆಯಲಿ, ಆದರೆ ಹೊಸ ಅಂಕಿ ಯಾವುದು, ಯಾಕೆ ಬದಲಾಯಿತು ಎಂಬುದನ್ನು ತರಗತಿಯಲ್ಲಿ ಹೇಳಿಬಿಡಬೇಕು. ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುವುದನ್ನು ಹದಿನೇಳರ ಹುಡುಗಿಯರು ನೋಡಲಿ.

ಬಳ್ಳಾರಿ ರಸ್ತೆಯ ದೊಡ್ಡ ಶಾಲೆ

ಹೆಬ್ಬಾಳದಲ್ಲಿ ಕೃಷಿ ಪ್ರಯೋಗ ಕ್ಷೇತ್ರ ಶುರುವಾದದ್ದು 1899ರಲ್ಲಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಕೊಟ್ಟ ಜಮೀನಿನಲ್ಲಿ. 1964ರಲ್ಲಿ ಹುಟ್ಟಿದ ಕೃಷಿ ವಿಶ್ವವಿದ್ಯಾಲಯ ಆಮೇಲೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ (ಜಿಕೆವಿಕೆ) ಆವರಣಕ್ಕೆ ಹರಡಿಕೊಂಡಿತು. ರೈತರಿಗಷ್ಟೇ ಸೇರಿದ ಜಾಗ ಇದೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ಜಿಕೆವಿಕೆಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ವಿಭಾಗವಿದೆ, ಕಿರುಧಾನ್ಯ ಸಂಶೋಧನೆಯ ಘಟಕವಿದೆ. ಹೆಬ್ಬಾಳದ ಆವರಣದಲ್ಲಿ ಬೇಕರಿ ತರಬೇತಿ ಕೇಂದ್ರವಿದೆ. ಅಲ್ಪಾವಧಿಯ ತರಬೇತಿಗೆ ಅಲ್ಲಿ ಗೃಹಿಣಿಯರೂ ಸ್ವಂತ ಉದ್ಯೋಗ ಹುಡುಕುವ ಹುಡುಗರೂ ಬರುತ್ತಾರೆ. ಗೃಹ ವಿಜ್ಞಾನ ಬೋಧಕರು ಬೇಸಿಗೆ ರಜೆಯಲ್ಲಿ ಒಮ್ಮೆ ಅಲ್ಲಿ ಕೈಗೆ ಹಿಟ್ಟು ಮೆತ್ತಿಕೊಳ್ಳಬೇಕು. ಯೀಸ್ಟ್ ಎಂದರೇನೆಂದು ಹೇಳುವುದಕ್ಕೂ ಹಿಟ್ಟು ಹುದುಗಿ ಮೇಲೇಳುವುದನ್ನು ಕೈಯಲ್ಲಿ ಅರಿತು ಹೇಳುವುದಕ್ಕೂ ವ್ಯತ್ಯಾಸವಿದೆ.

ಹೆಬ್ಬಾಳದ ಹೆಸರನ್ನೇ ಹೊತ್ತ ಅವರೆ ತಳಿಗಳೂ ಇಲ್ಲಿಯವೇ. ದಿನದ ಬೆಳಕು ಕಡಿಮೆಯಾಗುವ ಚಳಿಗಾಲದಲ್ಲಷ್ಟೇ ಕಾಯಿ ಬಿಡುತ್ತಿದ್ದ ಅವರೆ, ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4ರಂಥ ತಳಿಗಳು ಬಂದ ಮೇಲೆ ವರ್ಷವಿಡೀ ಸಿಗುವಂತಾಯಿತು. ಋತುಮಾನದ ಆಹಾರ, ಬೆಲೆ, ಕುಟುಂಬದ ಬಜೆಟ್ ಎಂಬ ಮೂರು ಪಾಠಗಳನ್ನು ಈ ಒಂದು ಕಾಳಿನ ಮೇಲೆ ಕಟ್ಟಬಹುದು.

ಕಿರುಧಾನ್ಯದವರ ಬಳಿ ಹೋದಾಗ ಒಂದೇ ಒಂದು ಸಂಗತಿ ಕಲಿಯಲು ಸಮಯವಿದ್ದರೆ, ರಾಗಿ ಮೊಳಕೆ ಕಟ್ಟಿ ಮಾಲ್ಟ್ ಮಾಡುವುದರ ಹಿಂದಿನ ವಿಜ್ಞಾನವನ್ನು ಕೇಳಿ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು, ಬೇರು ಉಜ್ಜಿ ತೆಗೆದು ಬೀಸುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಕೆಲಸ. ಮೊಳಕೆಯೊಡೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಎಚ್ಚರಗೊಂಡು ಪಿಷ್ಟವನ್ನು ತುಂಡರಿಸುತ್ತದೆ. ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ. ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಎರಡು ಪಾತ್ರೆ, ಎರಡರಲ್ಲೂ ಒಂದೇ ಅಳತೆಯ ನೀರು, ಒಂದೇ ತೂಕದ ಹಿಟ್ಟು. ಒಂದರಲ್ಲಿ ಸಾದಾ ರಾಗಿ, ಇನ್ನೊಂದರಲ್ಲಿ ಮೊಳಕೆಯ ರಾಗಿ. ಕುದಿಸಿದರೆ ಮೊದಲನೆಯದು ಗಟ್ಟಿಯಾಗಿ ಚಮಚ ನಿಲ್ಲಿಸುತ್ತದೆ, ಎರಡನೆಯದು ತೆಳ್ಳಗೆ ಹರಿಯುತ್ತದೆ. ಪುಟ್ಟ ಹೊಟ್ಟೆಯ ಕೂಸಿಗೆ ಗಂಜಿ ಗಟ್ಟಿಯಾದರೆ ನುಂಗದು, ನೀರು ಬೆರೆಸಿದರೆ ಹಿಟ್ಟು ಕಡಿಮೆಯಾಗುತ್ತದೆ. ಮೊಳಕೆಯ ಹಿಟ್ಟಿನಲ್ಲಿ ಒಂದೇ ಬಟ್ಟಲಿಗೆ ಹೆಚ್ಚು ಹಿಟ್ಟು, ಹೆಚ್ಚು ಶಕ್ತಿ ಸೇರುತ್ತದೆ. ಪೂರಕ ಆಹಾರದ ಪಾಠ ಇಷ್ಟರಲ್ಲಿ ಮುಗಿಯಿತು. ಈ ಎರಡು ಪಾತ್ರೆಗಳನ್ನು ಕಂಡ ಹುಡುಗಿ ತನ್ನ ಅಕ್ಕನ ಮಗುವಿಗೆ ಗಂಜಿ ಕಾಯಿಸುವಾಗ ಅದನ್ನು ಮರೆಯುವುದಿಲ್ಲ.

ಜಿಕೆವಿಕೆಯಲ್ಲಿ ನಡೆಯುವ ನವೆಂಬರಿನ ಕೃಷಿ ಮೇಳಕ್ಕೆ ಎಲ್ಲರೂ ಹೋಗುತ್ತಾರೆ. ಬೋಧಕರು ಹೋಗುವುದಾದರೆ ಜಂಗುಳಿ ಕಡಿಮೆಯಿರುವ ಬೆಳಗಿನ ಹೊತ್ತು, ಒಂದೇ ಪ್ರಶ್ನೆ ಹಿಡಿದು ಹೋಗಲಿ. ಈ ಸಲ ಕಿರುಧಾನ್ಯದ ಸಂಸ್ಕರಣೆ, ಮುಂದಿನ ಸಲ ಶ್ರಮ ಉಳಿಸುವ ಸಾಧನಗಳು, ಹೀಗೆ. ಮೇಳದಲ್ಲಿ ವಿಜ್ಞಾನಿಗಳಿಗೆ ಬಿಡುವಿರುವುದಿಲ್ಲ. ಪರಿಚಯ ಮಾಡಿಕೊಂಡು, ಡಿಸೆಂಬರಿನಲ್ಲಿ ಭೇಟಿಗೆ ಸಮಯ ಕೇಳಿ. ಹೆಬ್ಬಾಳದಲ್ಲೇ ಇರುವ ಐಸಿಎಆರ್‌ನ ಕೃಷಿ ತಂತ್ರಜ್ಞಾನ ಅನ್ವಯ ಸಂಶೋಧನಾ ಸಂಸ್ಥೆ ಕರ್ನಾಟಕದ ಕೃಷಿ ವಿಜ್ಞಾನ ಕೇಂದ್ರಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತದೆ. ಈ ಕೇಂದ್ರಗಳಲ್ಲಿ ಗೃಹ ವಿಜ್ಞಾನದ ತಜ್ಞರ ಹುದ್ದೆಯೂ ಇರುತ್ತದೆ. ಯಲಹಂಕದವರಿಗೆ ಹತ್ತಿರವಾಗುವುದು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೇಂದ್ರ. ಹಳ್ಳಿಯ ಮನೆಗಳಲ್ಲಿ ಕೆಲಸ ಮಾಡಿ ಅನುಭವ ಇರುವವರ ಮಾತನ್ನು ಒಂದು ಮಧ್ಯಾಹ್ನ ಕೇಳುವುದು ಹತ್ತು ಸ್ಲೈಡ್‌ಶೋಗಳಿಗಿಂತ ಹೆಚ್ಚಿನದು ಎಂಬುದು ನನ್ನ ದೃಢ ಅಭಿಪ್ರಾಯ. ಹಣ್ಣು ತರಕಾರಿ ಸಂರಕ್ಷಣೆಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಹಾಲಿನ ಉತ್ಪನ್ನಗಳಿಗೆ ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜು ಇವೆ. ದೂರ ಹೋಗಲು ಸಿದ್ಧರಿದ್ದರೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಲ್ಪಾವಧಿ ಕೋರ್ಸುಗಳನ್ನು ನಡೆಸುತ್ತದೆ.

ಯಲಹಂಕದಲ್ಲಿ ಮಕ್ಕಳ ಪಾಠ

ಮಾನವ ವಿಕಾಸದ ಅಧ್ಯಾಯವನ್ನು ಪುಸ್ತಕದಿಂದ ಓದಿಸಿ ಮುಗಿಸುವುದು ನಮ್ಮ ದೊಡ್ಡ ಕೊರತೆ. ಯಲಹಂಕ ಉಪನಗರದಲ್ಲಿ ರಾಷ್ಟ್ರೀಯ ಸಾರ್ವಜನಿಕ ಸಹಕಾರ ಮತ್ತು ಮಕ್ಕಳ ಅಭಿವೃದ್ಧಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ದಶಕಗಳಿಂದಿದೆ. ನಿಪ್‌ಸಿಡ್ ಎಂದರೆ ಹಳಬರಿಗೆ ಗೊತ್ತು. 2025ರಲ್ಲಿ ಸಂಸ್ಥೆಗೆ ಸಾವಿತ್ರಿಬಾಯಿ ಫುಲೆ ಅವರ ಹೆಸರಿಡಲಾಯಿತು. ಅಂಗನವಾಡಿ ವ್ಯವಸ್ಥೆಯ ಮೇಲ್ವಿಚಾರಕರಿಗೆ, ಅಧಿಕಾರಿಗಳಿಗೆ ತರಬೇತಿ ಕೊಡುವ ಜಾಗವಿದು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ತಿ. ನರಸೀಪುರವನ್ನು. ಅಲ್ಲಿಂದ ಇಂದಿನವರೆಗೆ ಅಂಗನವಾಡಿಯ ಕೆಲಸ ಊಟ, ತೂಕ, ಚುಚ್ಚುಮದ್ದುಗಳಿಂದ ಆಟ-ಪಾಠದ ಕಡೆಗೆ ಬೆಳೆದಿದೆ. 2023ರ ಮೇ ತಿಂಗಳಲ್ಲಿ ಶುರುವಾದ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮದಡಿ ಮೂರರಿಂದ ಆರು ವರ್ಷದ ಮಕ್ಕಳಿಗೆ 'ಆಧಾರಶಿಲಾ' ಪಠ್ಯಕ್ರಮ, ಮೂರು ವರ್ಷದೊಳಗಿನವರಿಗೆ 'ನವಚೇತನಾ' ಚೌಕಟ್ಟು ಬಂದಿವೆ. ಎರಡೂ ಓದಲೇಬೇಕಾದವು. ದುಬಾರಿ ಆಟಿಕೆ ಬೇಡದ, ಮನೆಯ ಪಾತ್ರೆ, ಬಟ್ಟೆ, ಕಾಳುಗಳಲ್ಲೇ ನಡೆಯುವ ಚಟುವಟಿಕೆಗಳು ಅಲ್ಲಿ ಧಾರಾಳವಾಗಿವೆ. ಗೃಹ ವಿಜ್ಞಾನದ ತರಗತಿಗೆ ಇವನ್ನು ನೇರವಾಗಿ ತರಬಹುದು.

ಅಂಗನವಾಡಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವುದಾದರೆ ಮೊದಲು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಅನುಮತಿ ಪಡೆಯಿರಿ. ಒಮ್ಮೆಗೆ ಆರೇಳು ಮಂದಿ ಸಾಕು. ಮಕ್ಕಳ ಫೋಟೊ ತೆಗೆಯಬಾರದು. ಅಂಗನವಾಡಿ ಕಾರ್ಯಕರ್ತೆಯನ್ನು ಕಾಲೇಜಿಗೆ ಅತಿಥಿಯಾಗಿ ಕರೆದು ಮಾತನಾಡಿಸುವುದು ಇನ್ನೂ ಒಳ್ಳೆಯದು. ಅವರಿಗೆ ಗೊತ್ತಿರುವುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ, ಆ ಗೌರವವನ್ನು ವಿದ್ಯಾರ್ಥಿಗಳೆದುರು ಸಲ್ಲಿಸಬೇಕು.

ಯಶವಂತಪುರದ ಕಡೆಗೆ: ಗ್ರಾಹಕರ ಪಾಠ

ಗ್ರಾಹಕ ಶಿಕ್ಷಣದ ಅಧ್ಯಾಯ ಅತಿ ಬೇಗ ಹಳತಾಗುವಂಥದ್ದು. 1986ರ ಕಾಯ್ದೆಯನ್ನೇ ಇಂದಿಗೂ ಕಲಿಸುವ ತರಗತಿಗಳಿದ್ದರೆ ಅದು ತುರ್ತಾಗಿ ಬದಲಾಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಜಿಲ್ಲಾ ಆಯೋಗಕ್ಕೆ ಹೋಗುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ. ಮುಖ್ಯವಾದ ಬದಲಾವಣೆಯೆಂದರೆ, ಅಂಗಡಿ ಎಲ್ಲಿದ್ದರೂ ಗ್ರಾಹಕರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಂಡು ಮೋಸಹೋದವರಿಗೆ ಇದೇ ದೊಡ್ಡ ಬಲ. ದೂರು ಕೊಡಲು ಎರಡು ವರ್ಷದ ಗಡುವು, ಮೊದಲ ಹೆಜ್ಜೆಗೆ 1915 ಸಹಾಯವಾಣಿ. ಪ್ರತಿ ವಿದ್ಯಾರ್ಥಿಯೂ ಮನೆಯಲ್ಲಿ ನಡೆದ ಒಂದು ನಿಜವಾದ ಖರೀದಿಯ ರಸೀದಿ ತಂದು, ಅದರ ಮೇಲೆ ಕನ್ನಡದಲ್ಲಿ ದೂರಿನ ಕರಡು ಬರೆಯಲಿ. ತಾರೀಖು, ಮೊತ್ತ, ದೋಷ, ಬೇಡಿಕೆ ನಾಲ್ಕೂ ಇರಬೇಕು. ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನಕ್ಕೆ ಭಾಷಣ ಸ್ಪರ್ಧೆಗಿಂತ ಇದು ಮೇಲು.

ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿ ಪೀಣ್ಯಕ್ಕೆ ಬಂದರೆ ಭಾರತೀಯ ಮಾನಕ ಬ್ಯೂರೊದ ಬೆಂಗಳೂರು ಕಚೇರಿ. ಶಾಲಾ ಕಾಲೇಜುಗಳಲ್ಲಿ ಸ್ಟ್ಯಾಂಡರ್ಡ್ಸ್ ಕ್ಲಬ್ ತೆರೆಯಲು ಬ್ಯೂರೊ ನೆರವು ನೀಡುತ್ತದೆ, ಮಾರ್ಗದರ್ಶಕ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ನಿಮ್ಮ ಕಾಲೇಜಿನಲ್ಲಿ ಕ್ಲಬ್ ಈಗಾಗಲೇ ವಿಜ್ಞಾನ ವಿಭಾಗದವರ ಕೈಯಲ್ಲಿದ್ದರೆ ಜೊತೆ ಸೇರಿಕೊಳ್ಳಿ. ಕುಕ್ಕರಿನ ಮೇಲಿನ ಐಎಸ್‌ಐ ಗುರುತಿನ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅದು ಅಸಲಿಯೋ ನಕಲಿಯೋ ನೋಡುವುದು ಐದು ನಿಮಿಷದ ಚಟುವಟಿಕೆ. ಚಿನ್ನದ ಒಡವೆ ಮಾರಾಟಕ್ಕೆ 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಎಚ್‌ಯುಐಡಿ ಕಡ್ಡಾಯ. ಅದನ್ನೂ ಅದೇ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ಮದುವೆ ಒಡವೆಯ ಮಾತು ನಡೆಯುವ ಮನೆಗಳಿಗೆ ಈ ಪಾಠ ಎಷ್ಟು ಬೇಗ ತಲುಪುತ್ತದೆ ನೋಡಿ.

ಯಶವಂತಪುರದ ಎಪಿಎಂಸಿ ಅಂಗಳವೂ ಒಂದು ಪಾಠಶಾಲೆ. ಈರುಳ್ಳಿ, ಆಲೂಗಡ್ಡೆಯ ಸಗಟು ದರವನ್ನು ಅಲ್ಲಿ ಬೆಳಿಗ್ಗೆ ಬರೆದುಕೊಂಡು, ಅದೇ ದಿನ ಆರ್.ಟಿ. ನಗರದ ತರಕಾರಿ ಅಂಗಡಿಯ ದರ, ಆ್ಯಪ್‌ನ ದರ ಎರಡನ್ನೂ ಪಕ್ಕದಲ್ಲಿ ಬರೆಸಿ. ಕುಟುಂಬ ಸಂಪನ್ಮೂಲ ನಿರ್ವಹಣೆಯ ಪಾಠಕ್ಕೆ ಮನೆಯ ಕರೆಂಟ್ ಬಿಲ್ಲನ್ನೂ ತರಿಸಬಹುದು. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ 2023ರಲ್ಲಿ ಆರಂಭವಾದಾಗ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ ಪ್ರಮಾಣ ನಿಗದಿಯಾಯಿತು. ಸರಾಸರಿ, ಶೇಕಡಾವಾರು, ಮಿತಿ ಎಂಬ ಮೂರು ಲೆಕ್ಕಗಳೂ ಮನೆಮನೆಗೆ ಬರುವ ಆ ಒಂದು ಚೀಟಿಯಲ್ಲಿವೆ.

ಕಲಬೆರಕೆಯ ಪ್ರಯೋಗಗಳ ಬಗ್ಗೆ ಒಂದು ಎಚ್ಚರಿಕೆ. ಆಹಾರ ಸುರಕ್ಷತಾ ಪ್ರಾಧಿಕಾರದ 'ಡಾರ್ಟ್' ಕೈಪಿಡಿಯಲ್ಲಿ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ನೀರಿಗೆ ಒಂದು ಚಮಚ ಅರಿಶಿನ ಹಾಕಿದರೆ ಶುದ್ಧವಾದದ್ದು ತಿಳಿ ಹಳದಿ ಬಿಟ್ಟು ಕೆಳಗೆ ಕೂರುತ್ತದೆ, ಬಣ್ಣ ಬೆರೆತಿದ್ದರೆ ನೀರು ದಟ್ಟ ಹಳದಿಯಾಗುತ್ತದೆ. ಆದರೆ ಇವು ಸಂಶಯಕ್ಕೆ ಆಧಾರವೇ ಹೊರತು ತೀರ್ಪಲ್ಲ. ಪಿಷ್ಟ ಸಹಜವಾಗಿಯೇ ಇರುವ ಆಹಾರಕ್ಕೆ ಅಯೋಡಿನ್ ಹಾಕಿ ನೀಲಿಯಾಯಿತೆಂದು ಅಂಗಡಿಯವನನ್ನು ದೂರಿದರೆ ಅನ್ಯಾಯವಾಗುತ್ತದೆ. ಕೊಂಡವರು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲೇ ಇದೆ. ಪಡಿತರದಲ್ಲಿ 'ಪ್ಲಾಸ್ಟಿಕ್ ಅಕ್ಕಿ' ಬಂದಿದೆ ಎಂಬ ಗಾಳಿಸುದ್ದಿಯನ್ನೂ ತರಗತಿಯಲ್ಲೇ ಬಿಡಿಸಬೇಕು. ಅದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನಂತೆ ಒತ್ತಿ, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಆ ಒಂದು ಕಾಳು ಬೇರೆಯಾಗಿ ಕಾಣುವುದರಿಂದಲೇ ತಾಯಂದಿರು ಆರಿಸಿ ಎಸೆಯುತ್ತಾರೆ. ಎಸೆಯದಂತೆ ತಡೆಯಬಲ್ಲವರು ಗೃಹ ವಿಜ್ಞಾನದ ಮೇಡಂ, ಅವರ ವಿದ್ಯಾರ್ಥಿಗಳು.

ಜವಳಿ, ನೆಟ್, ಮತ್ತು ಒಂಟಿತನ

ಜವಳಿಯ ಪಾಠಕ್ಕೆ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳನ್ನು ಬಿಟ್ಟು ಬೇರೆಲ್ಲೂ ಹೋಗಬೇಕಿಲ್ಲ. ಹಾಸು, ಹೊಕ್ಕು, ಅಂಚು ಯಾವುದೆಂದು ಮಗ್ಗದ ಮುಂದೆ ನಿಂತು ಒಮ್ಮೆ ನೋಡಿದರೆ ಸಾಕು.

ವೃತ್ತಿಯಲ್ಲಿ ಮೇಲೇರಲು ಬಯಸುವವರಿಗೆ ಗೃಹ ವಿಜ್ಞಾನದಲ್ಲಿ ಯುಜಿಸಿ ನೆಟ್ ಇದೆ, ಪತ್ರಿಕೆಯ ಸಂಖ್ಯೆ 12. ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಅನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ನೆಟ್ ಪಠ್ಯದ ಹತ್ತು ಘಟಕಗಳಲ್ಲಿ ಆಹಾರ-ಪೋಷಣೆಯ ಪಾಲು ಎರಡೇ. ಜವಳಿ, ಉಡುಪು, ಸಂಪನ್ಮೂಲ ನಿರ್ವಹಣೆ, ವಸತಿ, ಮಾನವ ವಿಕಾಸ, ಸಂವಹನ, ವಿಸ್ತರಣೆ, ಸಂಶೋಧನಾ ವಿಧಾನ ಎಲ್ಲವೂ ಇವೆ. ಪೋಷಣೆಯಲ್ಲಿ ಎಂ.ಎಸ್ಸಿ. ಮಾಡಿದವರು ಉಳಿದ ಎಂಟಕ್ಕೆ ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ 'ಹ್ಯೂಮನ್ ಇಕಾಲಜಿ ಅಂಡ್ ಫ್ಯಾಮಿಲಿ ಸೈನ್ಸಸ್' ಪುಸ್ತಕಗಳಿಂದ ಶುರುಮಾಡಬಹುದು. ಉಚಿತವಾಗಿ ಸಿಗುತ್ತವೆ. ಕಾಲೇಜು ಅಧ್ಯಾಪಕರಿಗೆ ಬಡ್ತಿಗೆ ಬೇಕಾದ ಪುನಶ್ಚೇತನ ಶಿಬಿರಗಳು 2023ರಿಂದ ಮಾಳವೀಯ ಮಿಷನ್ ಹೆಸರಿನಲ್ಲಿ ನಡೆಯುತ್ತಿವೆ. ಕೃಷಿ ವಿಶ್ವವಿದ್ಯಾಲಯಗಳು ಐದನೇ ಡೀನ್‌ಗಳ ಸಮಿತಿಯ ವರದಿಯ ಬಳಿಕ ಗೃಹ ವಿಜ್ಞಾನದ ಪದವಿಯನ್ನು ಸಮುದಾಯ ವಿಜ್ಞಾನ ಎಂದು ಕರೆಯುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಲು ಬಯಸುವ ವಿದ್ಯಾರ್ಥಿನಿ ಪ್ರವೇಶದ ಪಟ್ಟಿಯಲ್ಲಿ 'ಗೃಹ ವಿಜ್ಞಾನ' ಹುಡುಕಿ ನಿರಾಶಳಾಗದಂತೆ ಮೊದಲೇ ಹೇಳಿಡಿ.

ಅನೇಕ ಕಾಲೇಜುಗಳಲ್ಲಿ ಗೃಹ ವಿಜ್ಞಾನಕ್ಕೆ ಒಬ್ಬರೇ ಬೋಧಕರು. ಸಂದೇಹ ಬಂದರೆ ಕೇಳಲು ಪಕ್ಕದ ಕುರ್ಚಿಯಲ್ಲಿ ಯಾರೂ ಇರುವುದಿಲ್ಲ. ಅತಿಥಿ ಉಪನ್ಯಾಸಕರಾದರೆ ಇದರ ಮೇಲೆ ಮುಂದಿನ ವರ್ಷದ ಚಿಂತೆ ಬೇರೆ. ಅದಕ್ಕೇ ಯಲಹಂಕದಿಂದ ಯಶವಂತಪುರದವರೆಗಿನ ಬೋಧಕರು ಎರಡು ತಿಂಗಳಿಗೊಮ್ಮೆಯಾದರೂ ಒಬ್ಬರ ಪ್ರಯೋಗಾಲಯದಲ್ಲಿ ಸೇರಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಹೆಬ್ಬಾಳ, ಆರ್.ಟಿ. ನಗರ ಎಲ್ಲರಿಗೂ ನಡುವಿನ ಜಾಗ. ಪ್ರತಿ ಸಲ ಒಬ್ಬರು ಒಂದು ಪ್ರಯೋಗ ಮಾಡಿ ತೋರಿಸಲಿ, ಉಳಿದವರು ತಿದ್ದಲಿ. ಉರ್ದು, ತಮಿಳು, ತೆಲುಗು ಮನೆಮಾತಿನ ಮಕ್ಕಳಿರುವ ತರಗತಿಯಲ್ಲಿ ಯಾವ ಅಡುಗೆಯ ಉದಾಹರಣೆ ನಾಟಿತು ಎಂಬಂಥ ಮಾತು ಇಲ್ಲಿ ಮಾತ್ರ ನಡೆಯಲು ಸಾಧ್ಯ. ಹುಡುಗರನ್ನು ಈ ವಿಷಯಕ್ಕೆ ಕರೆತರುವುದು ಹೇಗೆಂಬ ಚರ್ಚೆಯೂ ಇಲ್ಲಿಂದಲೇ ಏಳಬೇಕು. ಮನೆ ನಡೆಸುವ ವಿದ್ಯೆ ಹೆಣ್ಣುಮಕ್ಕಳಿಗೆ ಮಾತ್ರ ಎಂಬ ಏರ್ಪಾಟನ್ನು ಇನ್ನೆಷ್ಟು ವರ್ಷ ಉಳಿಸಿಕೊಳ್ಳುವುದು?

ಸಂಸ್ಥೆಗಳಿಗೆ ಪತ್ರ ಬರೆಯುವಾಗ ಪ್ರಾಂಶುಪಾಲರ ಸಹಿಯಿರುವ ಕಾಲೇಜಿನ ಲೆಟರ್‌ಹೆಡ್ ಬಳಸಿ. 'ತರಬೇತಿ ಕೊಡಿ' ಎಂದಷ್ಟೇ ಬರೆದರೆ ಉತ್ತರ ಬರುವುದು ಕಷ್ಟ. ಯಾವ ವಿಷಯ, ಎಷ್ಟು ಮಂದಿ, ಅರ್ಧ ದಿನವೋ ಪೂರ್ತಿ ದಿನವೋ, ಕನ್ನಡದಲ್ಲಿ ವಿವರಿಸುವವರು ಬೇಕೇ ಎಂಬುದನ್ನು ಸ್ಪಷ್ಟವಾಗಿ ಬರೆದು, ಎರಡು ಪರ್ಯಾಯ ದಿನಾಂಕ ಕೊಡಿ. ನಾಲ್ಕೈದು ಕಾಲೇಜುಗಳು ಸೇರಿ ಒಂದೇ ಪತ್ರ ಕಳಿಸಿದರೆ ತೂಕ ಹೆಚ್ಚು. ಸೆಪ್ಟೆಂಬರ್ ಪೋಷಣ್ ಮಾಸ, ಆ ತಿಂಗಳು ಪೋಷಣೆಯ ತಜ್ಞರೆಲ್ಲ ಕಾರ್ಯಕ್ರಮಗಳಲ್ಲಿ ಮುಳುಗಿರುತ್ತಾರೆ. ನವೆಂಬರಿನಲ್ಲಿ ಜಿಕೆವಿಕೆ ಮೇಳದ ಗಡಿಬಿಡಿಯಲ್ಲಿರುತ್ತದೆ. ಜನವರಿಯ ನಂತರ ನಿಮಗೇ ಪರೀಕ್ಷೆಯ ಒತ್ತಡ. ಹಾಗಾಗಿ ಜುಲೈ, ಆಗಸ್ಟ್ ಅಥವಾ ಡಿಸೆಂಬರಿನ ಮೊದಲ ವಾರಗಳನ್ನು ಕೇಳಿ, ಪತ್ರವನ್ನು ಜೂನ್ ತಿಂಗಳಲ್ಲೇ ಕಳಿಸಿಬಿಡಿ.